ಮೂರನೇ ಆಷಾಢ

ಕಡಲೆಕಾಯಿ ಸಿಪ್ಪೆಯ ದೂಳು ಮೂಗಿಗೆ ಹೋದರೆ ಎಲ್ಲರಿಗೂ ಸೀನು ಬರುತ್ತದೆ. ನನಗೆ ಸೀನಿನ ಹಿಂದೆಯೇ ಒಂದು ಇಡೀ ಆಷಾಢವೂ ಬರುತ್ತದೆ. ಮೊನ್ನೆ ತುಮಕೂರಿನ ಮಂಡಿಪೇಟೆಯಲ್ಲಿ ಹೀಗೇ ಆಯಿತು. ಅಂಗಡಿಯವನು ಚೀಲದ ಬಾಯಿ ಬಿಚ್ಚಿ ಕಾಯನ್ನು ತಕ್ಕಡಿಗೆ ಸುರಿದ. ಒಣ ಸಿಪ್ಪೆಯ ಕೆಂಪು ದೂಳು ಎದ್ದಿತು. ಸೀನಿ ಸೀನಿ ಕಣ್ಣಲ್ಲಿ ನೀರು ಬಂದು, ಅಲ್ಲೇ ಒಂದು ಡಬ್ಬದ ಮೇಲೆ ಕೂತುಬಿಟ್ಟೆ. ಜೊತೆಯಲ್ಲಿದ್ದ ಸೊಸೆ ಗಾಬರಿಯಾಗಿ, "ಏನತ್ತೆ, ಅಲರ್ಜಿನಾ?" ಅಂದಳು. "ಅಲ್ಲ ಕಣೇ, ಮಧುಗಿರಿ" ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಆಗುವುದಾದರೂ ಹೇಗೆ?

ಅರವತ್ತರ ದಶಕ ಆಗಷ್ಟೇ ಕಣ್ಣು ಬಿಟ್ಟಿತ್ತು. ನಾನು ಮೈಸೂರಿನಲ್ಲಿ ಡಾಕ್ಟರಿಕೆ ಓದಿ ಮುಗಿಸಿ, ಆಸ್ಪತ್ರೆ ಕೆಲಸ ಬಿಟ್ಟು, ರೋಗಗಳನ್ನು ಎಣಿಸುವ ವಿದ್ಯೆಗೆ ಸೇರಿಕೊಂಡಿದ್ದೆ. ಅಮ್ಮನಿಗೆ ಇದು ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. "ಓದಿಸಿದ್ದು ಡಾಕ್ಟರ್ ಆಗಲಿ ಅಂತ. ನೀನು ನೋಡಿದರೆ ಮನೆಮನೆಗೆ ಹೋಗಿ 'ನಿಮ್ಮನೇಲಿ ಎಷ್ಟು ಜನ' ಅಂತ ಕೇಳೋ ಕೆಲಸ ಹಿಡಿದಿದ್ದೀಯ. ಅದನ್ನು ಶಾನುಭೋಗರು ಮಾಡಲ್ವೇನೆ?" ಎಂದು ಮುಖ ಗಂಟು ಹಾಕಿಕೊಂಡಳು. ಒಬ್ಬ ರೋಗಿಯನ್ನು ನೋಡುವುದು ಬೇರೆ, ಒಂದು ಸೀಮೆಯಲ್ಲಿ ರೋಗ ಎಲ್ಲೆಲ್ಲಿ ಕೂತಿದೆ, ಯಾರ ಹಿಂದೆ ಅಡಗಿದೆ ಎಂದು ಹುಡುಕುವುದು ಬೇರೆ ಎಂದು ನಾನು ವಾದಿಸಿದೆ. ಆ ವಯಸ್ಸಿನಲ್ಲಿ ವಾದ ಮಾಡಲು ನನಗೆ ಕಾರಣವೇ ಬೇಕಿರಲಿಲ್ಲ.

ನಾವು ಹುಡುಕುತ್ತಿದ್ದುದು ಕ್ಷಯವನ್ನು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಚೀಟಿ ಎತ್ತಿ ಆರಿಸಿದ ಹಳ್ಳಿಗಳಿಗೆ ಹೋಗುವುದು, ಪ್ರತಿ ಮನೆಯವರ ಹೆಸರು ಬರೆಯುವುದು, ಕ್ಷಯ ಸೋಕಿದೆಯೇ ಎಂದು ತಿಳಿಯಲು ಎಲ್ಲರ ಮುಂಗೈ ಚರ್ಮದೊಳಕ್ಕೆ ಸಣ್ಣ ಸೂಜಿಯಲ್ಲಿ ಒಂದು ಹನಿ ಔಷಧಿ ಹಾಕುವುದು, ಮೂರನೇ ದಿನ ಮತ್ತೆ ಹೋಗಿ ಅಲ್ಲಿ ಎದ್ದ ಗಂಟನ್ನು ಅಳೆಯುವುದು. ದೊಡ್ಡವರಿಗೆಲ್ಲ ವ್ಯಾನಿನಲ್ಲಿ ಎದೆಯ ಎಕ್ಸ್‌ರೇ. ಅದರಲ್ಲಿ ಅನುಮಾನ ಬಂದರೆ ಕಫದ ಪರೀಕ್ಷೆ. ಮಧುಗಿರಿ ಬೆಟ್ಟದ ಬುಡದಲ್ಲಿ ಒಂದು ಹಳೆಯ ಛತ್ರ ನಮ್ಮ ಬಿಡಾರ. ಅಡುಗೆಮನೆಯೇ ಫಿಲಂ ತೊಳೆಯುವ ಕತ್ತಲೆಕೋಣೆಯಾಗಿತ್ತು, ಹಾಗಾಗಿ ಸಾರಿಗೂ ಆ ದ್ರಾವಣದ ಹುಳಿವಾಸನೆ ಹತ್ತಿಕೊಂಡಿತ್ತು.

ತಂಡದ ಮುಖ್ಯಸ್ಥರು ಮಾಧವರಾಯರು. ಮೆಲುದನಿ, ಮೊಸರನ್ನ, ದಪ್ಪ ಕನ್ನಡಕ. ಇಷ್ಟು ಹೇಳಿದರೆ ಅವರ ಬಗ್ಗೆ ಮುಕ್ಕಾಲು ಪಾಲು ಹೇಳಿದ ಹಾಗೆ. ಉಳಿದ ಕಾಲು ಭಾಗವೆಲ್ಲ ನಿಯಮ. ತರಬೇತಿಯ ಮೊದಲ ದಿನವೇ ಅವರು ನಮಗೆ ಹೇಳಿಕೊಟ್ಟದ್ದು ರೋಗದ ವಿಷಯವಲ್ಲ, ಮನೆ ಎಂದರೇನು ಎಂಬುದನ್ನು. "ಒಂದೇ ಒಲೆಯಲ್ಲಿ ಉಂಡು ಖಾಯಮ್ಮಾಗಿ ಇರುವವರು ಆ ಮನೆಯವರು. ನೆಂಟರನ್ನು ಬರೆಯಬೇಡಿ. ಮನೆಯವರು ಊರಿಗೆ ಹೋಗಿದ್ದರೆ ಹೆಸರು ಬರೆದು ಗೈರುಹಾಜರು ಅಂತ ಗುರುತು ಮಾಡಿ. ಇಲ್ಲದಿದ್ದರೆ ಒಬ್ಬನೇ ಮನುಷ್ಯ ಎರಡೂರಲ್ಲಿ ಎರಡು ಸಲ ಬಂದುಬಿಡ್ತಾನೆ." ಬಲು ಸರಿಯಾದ ನಿಯಮ. ನಾವೆಲ್ಲ ತಲೆಯಾಡಿಸಿದೆವು. ಆದರೆ ನಾವು ಹೊರಟದ್ದು ಆಷಾಢದಲ್ಲಿ. ಈ ಸೀಮೆಯಲ್ಲಿ ಆಷಾಢ ಹುಟ್ಟಿದರೆ ಹೊಸ ಸೊಸೆಯರೆಲ್ಲ ತವರಿಗೆ ಹೋಗಿರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು ಎಂದು ಕಳಿಸುತ್ತಾರೆ, ಶ್ರಾವಣ ಬಂದ ಮೇಲೆ ಗಂಡನ ಮನೆಯವರು ಹೋಗಿ ಕರೆತರುತ್ತಾರೆ. ನಮ್ಮ ಕಾರ್ಯಕ್ರಮ ಹಾಕಿದವರಿಗೂ ಅದು ಗೊತ್ತಿತ್ತು. ಇದರಿಂದ ಎಣಿಕೆಗೇನಾದೀತು ಎಂದು ಮಾತ್ರ ಯಾರೂ ಯೋಚಿಸಲಿಲ್ಲ.

ಆ ವರ್ಷ ಮಳೆ ಕಣ್ಣಿಗೆ ಕಾಣಿಸಿ ಕೈಗೆ ಸಿಗದ ಹಾಗೆ ಆಟವಾಡುತ್ತಿತ್ತು. ಮೋಡ ಬೆಟ್ಟದ ನೆತ್ತಿ ಸವರಿ ಪಾವಗಡದ ಕಡೆ ಓಡುತ್ತಿತ್ತು, ಗಾಳಿ ಮಾತ್ರ ನಮಗೆ. ಅಂಥ ಗಾಳಿ ನಾನು ಮೈಸೂರಲ್ಲಿ ಕಂಡೇ ಇರಲಿಲ್ಲ. ಜೀಪಿನ ಟಾರ್ಪಾಲು ಹೊಡೆದುಕೊಳ್ಳುತ್ತಿತ್ತು, ಬಾಯಿ ತೆರೆದರೆ ಕೆಮ್ಮಣ್ಣು. ಜೀಪು ಓಡಿಸುತ್ತಿದ್ದ ಶಿರಾದ ಗಫೂರ್ ಸಾಹೇಬರು ತಲೆಗೆ ಟವೆಲ್ ಬಿಗಿದುಕೊಂಡು, "ಡಾಕ್ಟರ್ ಸಾಹೇಬಾ, ಬಾಯಿ ಬಂದ್ ಮಾಡ್ಕೊಂಡು ಮಾತಾಡಿ" ಎನ್ನುತ್ತಿದ್ದರು. ಅದು ಹೇಗೆಂದು ಮಾತ್ರ ಅವರು ಹೇಳಿಕೊಡಲಿಲ್ಲ.

ಶಿರಾದ ಮನೆಗಳಲ್ಲಿ ಪರದೆಯ ಹಿಂದಿನಿಂದ ಬರೀ ಕೈಗಳು ಹೊರಗೆ ಬರುತ್ತಿದ್ದವು. ನಾನು ಹೆಂಗಸಾದ್ದರಿಂದ ಒಳಗೆ ಹೋಗಬಹುದಿತ್ತು. ಹೋದರೆ ಚಹಾ ಕುಡಿಯದೆ ಏಳುವ ಹಾಗಿರಲಿಲ್ಲ. ಒಂದು ಮದುವೆ ಮನೆಯಲ್ಲಿ ಹುಡುಗಿಯರೆಲ್ಲ ಮೊಣಕೈವರೆಗೆ ಮೆಹೆಂದಿ ಹಾಕಿಕೊಂಡಿದ್ದರು. ಗಂಟಿನ ಕೆಂಪು ಯಾವುದು, ಮೆಹೆಂದಿಯ ಕೆಂಪು ಯಾವುದು ಎಂದು ತಿಳಿಯದೆ ಬೆರಳಲ್ಲಿ ಮುಟ್ಟಿ ಮುಟ್ಟಿ ಅಳೆದೆ. ಪಾವಗಡದ ಕಡೆ ಒಬ್ಬ ಮುದುಕಪ್ಪ ಸೂಜಿಗೆ ಕೈ ಕೊಟ್ಟು, "ಏಮಮ್ಮಾ, ಇದು ಹಾಕಿಸ್ಕಂಡ್ರೆ ವಾನ ಬತ್ತದಾ?" ಎಂದು ಕೇಳಿದ. ಕೆಮ್ಮು ಹೋಗುತ್ತದೋ ಇಲ್ಲವೋ ಎಂಬ ಚಿಂತೆ ಅವನಿಗಿರಲಿಲ್ಲ, ಅವನಿಗೆ ಬೇಕಾಗಿದ್ದುದು ಮಳೆ. ಬರಲ್ಲ ತಾತ ಅಂದೆ. "ಮತ್ತೆ ಯಾಕೆ ಬಂದ್ರಿ ಅಟ್ಟು ದೂರದಿಂದ" ಎಂದು ಅವನು ನಿಜವಾಗಿಯೂ ಬೇಸರಪಟ್ಟುಕೊಂಡ.

ಆಷಾಢದ ಮೊದಲ ವಾರ ತೋವಿನಕೆರೆ ಹತ್ತಿರದ ಒಂದು ಹಳ್ಳಿಯಲ್ಲಿದ್ದೆವು. ಆ ಊರಿನ ಹೆಸರು ಹೇಳುವುದಿಲ್ಲ, ಆ ಮನೆತನದವರು ಈಗಲೂ ಅಲ್ಲಿದ್ದಾರೆ. ಹೆಂಗಸರು ಎಕ್ಸ್‌ರೇ ವ್ಯಾನು ಕಂಡು ಬಾಗಿಲು ಹಾಕಿಕೊಂಡಿದ್ದರು. ರವಿಕೆ ಬಿಚ್ಚಬೇಕಂತೆ, ಯಂತ್ರ ರಕ್ತ ಹೀರುತ್ತಂತೆ ಎಂದೆಲ್ಲ ಸುದ್ದಿ. ಆಗ ಬೋರಮ್ಮ ಬಂದಳು. ಐವತ್ತು ದಾಟಿದ, ದಂಟಿನಂಥ ನೆಟ್ಟನೆಯ ಹೆಂಗಸು, ಬಾಯಲ್ಲಿ ಹೊಗೆಸೊಪ್ಪು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಯ ನಡುವೆ ನಿಂತು ಕೂಗಿದಳು.

"ಬನ್ರೇ ಈಚೆಗೆ! ಡಾಕ್ಟ್ರಮ್ಮ ಹೆಣ್ಣು, ನಾವೂ ಹೆಣ್ಣು. ಏನು, ನಿಮ್ಮೆದೆಯಾಗೆ ಚಿನ್ನ ಮಡಗಿದ್ದೀರಾ, ಕದ್ದು ನೋಡಾಕೆ? ನಾನೇ ಮೊದ್ಲು ಒಯ್ತೀನಿ, ನೋಡ್ಕಳ್ಳಿ."

ವ್ಯಾನಿನ ಮೆಟ್ಟಿಲು ಹತ್ತಿದವಳು ಕೆಮ್ಮಿ, ಉಗುಳಿ, "ಹೊಗೆಸೊಪ್ಪಿನ ಕೆಮ್ಮು ಕಣಮ್ಮ ಇದು, ಹಳೇ ಸ್ನೇಯಿತ" ಎಂದು ನಕ್ಕು ಒಳಗೆ ಹೋದಳು. ಅವಳ ಹಿಂದೆ ಬೀದಿಗೆ ಬೀದಿಯೇ ಬಂತು. ನನಗೆ ಅವಳ ಮೇಲೆ ಪ್ರೀತಿಯೇ ಹುಟ್ಟಿತು. ಸಂಜೆ ಅವರ ಮನೆಗೆ ಹೆಸರು ಬರೆಯಲು ಹೋದಾಗ ಮಜ್ಜಿಗೆ ಕೊಟ್ಟಳು. ಮಗ ತಿಮ್ಮಯ್ಯ ನಾಚಿಕೆಯವನು, ಗೋಡೆ ಬದಿಗೆ ನಿಂತೇ ಇದ್ದ. ಸೊಸೆ ಎಲ್ಲಿ ಎಂದೆ.

"ಆಸಾಡಕ್ಕೆ ತವರಿಗೆ ಒಗವ್ಳೆ" ಅಂದಳು ಬೋರಮ್ಮ. ಅಷ್ಟು ಮಾತಾಡುವವಳು ಅಷ್ಟಕ್ಕೇ ನಿಲ್ಲಿಸಿದಳು. ತಿಮ್ಮಯ್ಯ ತಲೆ ತಗ್ಗಿಸಿದ.

ಹೆಸರು ಗಿರಿಜಮ್ಮ, ಗೈರುಹಾಜರು ಎಂದು ಬರೆದುಕೊಂಡೆ. ಹೊರಗೆ ಬರುವಾಗ ಬಾಗಿಲ ಪಕ್ಕದ ಹೊರಗೋಡೆಯ ಗೂಡು ಕಣ್ಣಿಗೆ ಬಿತ್ತು. ದೀಪ ಇಡುವ ಆ ಗೂಡಿನಲ್ಲಿ ಒಂದು ಕಂಚಿನ ಲೋಟ ಬೋರಲು ಹಾಕಿತ್ತು. ಒಳಗೆ ಅಷ್ಟೆಲ್ಲ ಪಾತ್ರೆ ಬೆಳಗಿ ಸಾಲಾಗಿ ಇಟ್ಟ ಮನೆಯಲ್ಲಿ ಒಂದು ಲೋಟಕ್ಕೆ ಮಾತ್ರ ಹೊರಗೇಕೆ ಜಾಗ ಎಂದು ಒಂದು ಗಳಿಗೆ ಅನ್ನಿಸಿತು. ಗಫೂರ್ ಸಾಹೇಬರು ಹಾರನ್ ಹೊಡೆದರು, ಹೊರಟೆ.

ಅದಾಗಿ ಸ್ವಲ್ಪ ದಿನಕ್ಕೆ ನಮ್ಮ ಚೀಟಿಯಲ್ಲಿ ಬಂದದ್ದು ಕೊಡಿಗೇನಹಳ್ಳಿಯಿಂದಾಚೆ, ಹಿಂದೂಪುರದ ಬಸ್ಸು ಹೋಗುವ ದಾರಿಯ ಒಂದು ಹಳ್ಳಿ. ಬಿತ್ತನೆ ಕಾಲ. ಮಳೆ ಬಂದ ದಿನವೇ ಬಿತ್ತಬೇಕೆಂದು ಮನೆಮನೆಯ ಜಗುಲಿಯಲ್ಲೂ ಹೆಂಗಸರು ಗುಂಪಾಗಿ ಕೂತು ಬೀಜಕ್ಕೆ ಕಡಲೆಕಾಯಿ ಸುಲಿಯುತ್ತಿದ್ದರು. ಹೆಬ್ಬೆರಳಲ್ಲಿ ಒತ್ತಿದರೆ ಟಪ್ಪೆಂದು ಒಡೆಯುವ ಸದ್ದು ಊರೆಲ್ಲ. ಸಿಪ್ಪೆಯ ದೂಳು ಗಾಳಿಗೆ ಎದ್ದು, ಎಲ್ಲರ ಕಣ್ಣುರೆಪ್ಪೆಯೂ ಕೆಂಪು. ಎಲ್ಲರೂ ಕೆಮ್ಮುತ್ತಿದ್ದರು, ನಾನೂ ಕೆಮ್ಮಿದೆ. ಕೆಮ್ಮು ಹುಡುಕಲು ಬಂದವರಿಗೆ ಇದಕ್ಕಿಂತ ಕೆಟ್ಟ ಊರು ಸಿಗುತ್ತಿರಲಿಲ್ಲ.

ಹನುಮಕ್ಕ ಎಂಬ ವಿಧವೆಯ ಮನೆಯಲ್ಲಿ ನಾಲ್ಕೈದು ಹೆಂಗಸರ ನಡುವೆ ಒಬ್ಬ ಹುಡುಗಿ ಗೋಡೆಗೆ ಒರಗಿ ಸುಲಿಯುತ್ತಿದ್ದಳು. ಮಿಕ್ಕವರು ಒಂದು ಮಂಕರಿ ಮುಗಿಸುವಾಗ ಅವಳದು ಒಂದು ಹಿಡಿ. ಅವಳ ಕೆಮ್ಮು ಮಿಕ್ಕವರ ಕೆಮ್ಮಿನಂತಿರಲಿಲ್ಲ. ಬೇರೆಯವರು ದೂಳಿಗೆ ಕೆಮ್ಮಿ ಮಾತು ಮುಂದುವರಿಸುತ್ತಿದ್ದರು. ಇವಳು ಕೆಮ್ಮು ಬರುತ್ತದೆಂದು ಗೊತ್ತಾದ ಕೂಡಲೇ ಮಾತು ನಿಲ್ಲಿಸಿ, ಸೆರಗು ಬಾಯಿಗೆ ಒತ್ತಿ, ಮುಗಿಯುವ ತನಕ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

"ಇವ್ಳು ನಮ್ಮನೆಯೋಳಲ್ಲ ಕಣಮ್ಮ, ಬರ್ಕಬ್ಯಾಡ" ಎಂದಳು ಹನುಮಕ್ಕ ಅವಸರದಲ್ಲಿ. "ಕೊಟ್ಟ ಮಗ್ಳು. ಆಸಾಡಕ್ಕೆ ಬಂದವ್ಳೆ. ಕೆಮ್ಮಾ? ಕಡ್ಲೆಕಾಯಿ ದೂಳಿಗೆ."

ನಿಯಮವೂ ಅದನ್ನೇ ಹೇಳುತ್ತಿತ್ತು. ಪೆನ್ನಿನ ಕ್ಯಾಪು ಹಾಕಿದೆ. ಏನೋ ಮಾತಾಡಬೇಕಲ್ಲ ಎಂದು, ಮದುಮಗಳನ್ನು ಛೇಡಿಸುವ ದನಿಯಲ್ಲಿ, "ಏನಮ್ಮ, ಮೊದಲನೇ ಆಷಾಢನಾ? ಗಂಡನ ನೆನಪಾಗ್ತಿದೆಯಾ?" ಎಂದೆ.

"ಮೂರ್ನೇದು" ಅಂದಳು ಹುಡುಗಿ. ತಕ್ಷಣ ತಾಯಿಯ ಮುಖ ನೋಡಿದಳು.

ಟಪ್ ಟಪ್ ಸದ್ದು ನಿಂತಿತು. ಮೊದಲ ಆಷಾಢಕ್ಕೆ ಸೊಸೆ ತವರಿಗೆ ಹೋಗುವುದು ಸಂಪ್ರದಾಯ. ಮೂರನೇ ಆಷಾಢಕ್ಕೆ, ಅದೂ ಬಿತ್ತನೆ ಸಮಯದಲ್ಲಿ, ದುಡಿಯುವ ಸೊಸೆಯನ್ನು ಯಾವ ರೈತನ ಮನೆಯವರು ಕಳಿಸುತ್ತಾರೆ? ಎಲ್ಲಿಗೆ ಕೊಟ್ಟಿದ್ದೀರಿ ಎಂದೆ. ತೋವಿನಕೆರೆ ಕಡೆಗೆ, ಎಂದಳು ಹನುಮಕ್ಕ. ನಿನ್ನ ಹೆಸರೇನಮ್ಮ ಎಂದೆ. "ಗಿರ್ಜಿ." ಗೂಡಿನಲ್ಲಿ ಬೋರಲು ಹಾಕಿದ್ದ ಲೋಟ ಯಾರದೆಂದು ಆಗ ಗೊತ್ತಾಯಿತು. ಕೆಮ್ಮುವ ಸೊಸೆಗೆ ಬೇರೆ ಲೋಟ, ಅದೂ ಬಾಗಿಲ ಹೊರಗೆ.

ಮಿಕ್ಕ ಹೆಂಗಸರು ಎದ್ದು ಹೋದ ಮೇಲೆ ಹನುಮಕ್ಕ ನನ್ನನ್ನೂ ಮಗಳನ್ನೂ ಒಳಗೆ ಕರೆದು ಬಾಗಿಲು ಮುಂದಕ್ಕೆ ಹಾಕಿದಳು. ನಾನು ಚೀಲದಿಂದ ಕಫ ಹಿಡಿಯುವ ಡಬ್ಬಿ ತೆಗೆದಿದ್ದೆ. ಅಳಲಿಲ್ಲ. ಅವಳಿಗೆ ಅಳಲು ಪುರುಸೊತ್ತಿರಲಿಲ್ಲ. "ಸ್ರಾವಣಕ್ಕೆ ಕರ್ಕಂಡೋಗ್ತೀವಿ ಅಂತ ಮಾತು ಕೊಟ್ಟವ್ರೆ. ಅಳಿಮಯ್ಯ ಒಳ್ಳೇವ್ನು. ನೀನು ಆ ಡಬ್ಬಿಯಾಗೆ ಕಫ ಹಿಡ್ಕಂಡೋಗಿ, ಅದೇ ಕಾಯ್ಲೆ ಅಂತ ಬರ್ದುಬುಟ್ರೆ ಅವ್ರು ಬತ್ತಾರಾ? ಇನ್ನೊಂದು ಹೆಣ್ಣು ತತ್ತಾರೆ. ಅವ್ರಿಗೆ ಬರೀ ಅನುಮಾನ ಐತೆ, ನೀನು ಅದನ್ನ ದಿಟ ಮಾಡ್ಬುಡ್ಬೇಡ. ಯಾರಿಗೂ ಯೋಳ್ಬ್ಯಾಡ ಕಣಮ್ಮ."

"ಹೇಳಲ್ಲ. ಆದರೆ ಔಷಧಿ ಇಲ್ಲದಿದ್ದರೆ ಇವಳು ಮುಂದಿನ ಶ್ರಾವಣದವರೆಗೆ ಇರ್ತಾಳೋ ಇಲ್ಲವೋ ನಾನು ಹೇಳಲಾರೆ" ಅಂದೆ. ಸ್ವಲ್ಪ ಒರಟಾಗಿಯೇ ಅಂದೆ. ನನ್ನ ನಾಲಿಗೆ ಆಗ ಹಾಗಿತ್ತು, ಈಗಲೂ ಅಷ್ಟೇನೂ ಸುಧಾರಿಸಿಲ್ಲ ಎನ್ನುತ್ತಾಳೆ ನನ್ನ ಸೊಸೆ. ಹನುಮಕ್ಕ ಮಗಳ ಮುಖ ನೋಡಿದಳು. ಗಿರಿಜ ತಾನಾಗಿಯೇ ಕೈ ನೀಡಿ ಡಬ್ಬಿ ತೆಗೆದುಕೊಂಡಳು. "ನಂಗೆ ಬದುಕ್ಬೇಕು ಅಕ್ಕ" ಅಂದಳು. ಡಾಕ್ಟ್ರಮ್ಮ ಎನ್ನಲಿಲ್ಲ. ಆ ಒಂದು ಮಾತಿಗೆ ನಾನು ಅವಳ ಕಡೆಯವಳಾಗಿಬಿಟ್ಟೆ.

ಕಫದಲ್ಲಿ ಕ್ಷಯದ ಕ್ರಿಮಿ ಇತ್ತು. ಮಾಧವರಾಯರ ಮುಂದೆ ಹೋಗಿ ನಿಂತೆ. ಅವರು ಮೊಸರನ್ನದ ತಟ್ಟೆ ಪಕ್ಕಕ್ಕಿಟ್ಟು ಎಲ್ಲವನ್ನೂ ಕೇಳಿಕೊಂಡು, "ಇವರನ್ನು ಇಲ್ಲಿ ಸೇರಿಸೋಕಾಗಲ್ಲಮ್ಮ. ಇವರು ಇಲ್ಲಿ ನೆಂಟರು" ಅಂದರು.

"ಅಲ್ಲಿ ಗೈರುಹಾಜರು, ಇಲ್ಲಿ ನೆಂಟರು. ಹಾಗಾದರೆ ಸಾರ್, ಅವಳು ಕೆಮ್ಮೋದು ಯಾವ ಊರಲ್ಲಿ?"

ರಾಯರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಕೆಮ್ಮೋದು ಇಲ್ಲೇ. ಆದ್ದರಿಂದ ಮಾತ್ರೆ ಇಲ್ಲೇ ಕೊಡಿ. ಎಣಿಸೋದು ಬೇರೆ, ನೋಡಿಕೊಳ್ಳೋದು ಬೇರೆ. ಎಣಿಕೆಯ ನಿಯಮ ನಾನು ಮುರಿಯಲ್ಲ. ಮಾತ್ರೆ ಕೊಡಬೇಡಿ ಅಂತ ಯಾವ ನಿಯಮದಲ್ಲೂ ಬರೆದಿಲ್ಲ." ಮತ್ತೆ ಕನ್ನಡಕ ಹಾಕಿಕೊಂಡು, "ಇನ್ನು ಮೇಲೆ ಎಲ್ಲ ಮನೆಯಲ್ಲೂ ಆ ಪ್ರಶ್ನೆ ಕೇಳಿ. ಎಷ್ಟನೇ ಆಷಾಢ ಅಂತ. ಬೇರೆ ಹಾಳೆಯಲ್ಲಿ ಬರೆದಿಡೋಣ" ಎಂದರು. ಕೇಳಿದೆವು. ಆಷಾಢದ ನೆಪದಲ್ಲಿ ತವರಿನ ಮೂಲೆಯಲ್ಲಿ ಕೂತು ಕೆಮ್ಮುತ್ತಿದ್ದವರು ಇನ್ನೂ ಕೆಲವರು ಸಿಕ್ಕಿದರು. ಒಬ್ಬಳದು ಐದನೆಯದು. ಅವಳನ್ನು ಕರೆಯಲು ಯಾರೂ ಬರುವುದಿಲ್ಲವೆಂದು ಊರಿಗೆಲ್ಲ ಗೊತ್ತಿತ್ತು, ಆದರೂ "ಸ್ರಾವಣಕ್ಕೆ ಒಯ್ತೀನಿ" ಎಂದೇ ಅವಳು ಹೇಳುತ್ತಿದ್ದಳು.

ಮನೆಯಲ್ಲೇ ಇದ್ದು ಮಾತ್ರೆ ನುಂಗಿದರೂ ಕ್ಷಯ ವಾಸಿಯಾಗುತ್ತದೆ ಎಂದು ಆಗತಾನೇ ಗೊತ್ತಾಗುತ್ತಿದ್ದ ಕಾಲ. ಆದರೆ ಒಂದು ದಿನ ಬಿಡದೆ ವರ್ಷಕ್ಕೂ ಮೇಲೆ ನುಂಗಬೇಕು. ತಾಲ್ಲೂಕು ಆಸ್ಪತ್ರೆಯಿಂದ ಮಾತ್ರೆ ತೆಗೆದುಕೊಂಡು ನಾನೇ ವಾರಕ್ಕೊಮ್ಮೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಜೀಪು ಬಾಗಿಲಲ್ಲಿ ನಿಂತರೆ ಊರಿಗೆಲ್ಲ ಡಂಗುರ ಎಂದು ಹನುಮಕ್ಕ ಹೇಳಿದ್ದಳು. ಕೇಳಿದವರಿಗೆ "ರಕ್ತ ಆಗೋ ಮಾತ್ರೆ" ಎಂದು ಅವಳೇ ಹೇಳಿಕೊಂಡಳು. ಗಿರಿಜ ಮೊದಲ ವಾರ ವಾಂತಿ ಮಾಡಿಕೊಂಡಳು. ಬರಿಹೊಟ್ಟೆಯಲ್ಲಿ ಬೇಡ, ಮುದ್ದೆ ಉಂಡು ನುಂಗು ಎಂದೆ. ಮೂರನೇ ವಾರಕ್ಕೆ ಜ್ವರ ಬಿಟ್ಟಿತು. ಆಮೇಲೊಂದು ದಿನ ಹೋದಾಗ ಅವಳ ಮುಂದಿನ ಮಂಕರಿ ತುಂಬಿತ್ತು.

ಅದೇ ಹೊತ್ತಿಗೆ ತೋವಿನಕೆರೆ ಕಡೆಯ ಫಿಲಂಗಳನ್ನು ಓದುವ ಸರದಿ ಬಂತು. ಒಂದೊಂದನ್ನೂ ಇಬ್ಬರು ಬೇರೆ ಬೇರೆಯಾಗಿ ನೋಡಿ ಬರೆಯಬೇಕು. ನಾನು ಬರೆದು ಮುಗಿಸಿದ್ದ ಒಂದು ಫಿಲಂ ರಾಯರು ದೀಪಕ್ಕೆ ಹಿಡಿದರು. ಮೇಲ್ಭಾಗದಲ್ಲಿ ಹಳೆಯ ಗಾಯದ ಗೀರುಗಳು, ನಡುವೆ ಒಂದು ಪೊಟರೆ. ಇಂದು ನಿನ್ನೆಯದಲ್ಲ, ವರ್ಷಗಳಿಂದ ಒಳಗೇ ಮೇಯುತ್ತಿದ್ದ ರೋಗ. ಸಂಖ್ಯೆಗೆ ಹೆಸರು ಹುಡುಕಿದರೆ, ಬೋರಮ್ಮ. ಮೊದಲು ವ್ಯಾನು ಹತ್ತಿದವಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ತನ್ನ ಕೆಮ್ಮಿಗೆ ಹೊಗೆಸೊಪ್ಪಿನ ಹೆಸರು, ಸೊಸೆಯ ಲೋಟ ಗೂಡಿಗೆ! ಈಗಲೇ ಹೋಗಿ ಹೇಳ್ತೀನಿ ಸಾರ್. ರೋಗ ಕೊಟ್ಟವಳು ನೀನು, ಮೊದಲು ಸೊಸೆಯನ್ನ ಕರೆದುಕೊಂಡು ಬಾ ಅಂತ."

"ಹೇಳಿ ಏನು ಮಾಡ್ತೀರಿ?" ಎಂದರು ರಾಯರು. "ಸೊಸೆ ಒಳಗೆ ಬರ್ತಾಳೆ, ಅತ್ತೆ ದನದ ಕೊಟ್ಟಿಗೆಗೆ ಹೋಗ್ತಾಳೆ. ಲೋಟ ಗೂಡಲ್ಲೇ ಇರುತ್ತೆ, ಲೋಟದ ಒಡತಿ ಮಾತ್ರ ಬೇರೆ. ಯಾರಿಂದ ಯಾರಿಗೆ ಬಂತು ಅಂತ ಹೇಳೋದು ನಮ್ಮ ಕೆಲಸ ಅಲ್ಲಮ್ಮ. ಅವರ ಕಾಯಿಲೆ ಅವರಿಗೆ ಹೇಳಿ. ಅಷ್ಟೇ."

ಅಷ್ಟೇ ಎನ್ನುವುದು ಸುಲಭ. ಕೊರಟಗೆರೆ ದಾರಿಯುದ್ದಕ್ಕೂ ಹಲ್ಲು ಕಚ್ಚಿಕೊಂಡು ಕೂತಿದ್ದೆ. ಒಬ್ಬಳು ಬಾಗಿಲ ಕಡೆ ನೋಡುತ್ತಾ ಕೂತಿದ್ದಾಳೆ, ಒಂದು ಮಾತು ಹೇಳಿದರೆ ಅವಳು ಮನೆ ಸೇರಬಹುದು, ಅದೇ ಮಾತನ್ನು ನಾನು ಆಡಬಾರದು.

ಬೋರಮ್ಮ ಹಿತ್ತಿಲಲ್ಲಿ ಒಬ್ಬಳೇ ಸಿಕ್ಕಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿಮ್ಮ ಎದೆಯಲ್ಲಿ ಕ್ಷಯ ಇದೆ, ಕಫ ಪರೀಕ್ಷೆಯಾಗಬೇಕು, ಮಾತ್ರೆಯಿಂದ ಗುಣವಾಗುತ್ತದೆ. ಅವಳು ಬಾಯಲ್ಲಿದ್ದ ಹೊಗೆಸೊಪ್ಪು ಉಗುಳಿ, ಬಾಯಿ ಒರೆಸಿಕೊಂಡು, ಒಗೆಯುವ ಕಲ್ಲಿನ ಮೇಲೆ ಮೆಲ್ಲಗೆ ಕೂತಳು.

"ನಂಗಾ?"

"ಹೌದು."

"ಏಟು ದಿನದ್ದು?"

ಅವಳ ಕಾಯಿಲೆಯ ಬಗ್ಗೆ ಅವಳೇ ಕೇಳಿದ ಪ್ರಶ್ನೆ. ಸುಳ್ಳು ಹೇಳುವ ಹಾಗಿರಲಿಲ್ಲ. "ಹಳೆಯದು. ಕೆಲವು ವರ್ಷಗಳದ್ದು" ಅಂದೆ.

ಅವಳು ಬೆರಳು ಮಡಿಚುತ್ತಾ ಏನೋ ಲೆಕ್ಕ ಹಾಕಿದಳು. "ತಿಮ್ಮನ ಮದ್ವೆಗೂ ಮುಂಚೇದು" ಅಂದಳು, ನನಗಲ್ಲ, ಮುಂದಿದ್ದ ಬಚ್ಚಲ ನೀರಿಗೆ. ಆಮೇಲೆ ನನ್ನ ಮುಖವನ್ನು ನೆಟ್ಟ ನೋಟದಲ್ಲಿ ನೋಡಿದಳು. ಅಲ್ಲಿ ಏನಾದರೂ ಬರೆದಿದ್ದರೆ ಓದಿಕೊಳ್ಳುವವಳ ಹಾಗೆ. ನಾನು ಮಾತ್ರೆಯ ಪೊಟ್ಟಣ ಕಟ್ಟುವುದರಲ್ಲೇ ಮಗ್ನಳಾದೆ.

"ನನ್ ಸೊಸೆ ಊರಿಗೂ ಒಯ್ತೀರಂತೆ. ಅವ್ಳಿಗೂ ಇದೇ ಮಾತ್ರೆನಾ ಕೊಟ್ಟಿರಾದು?"

"ಯಾರಿಗೆ ಏನು ಕೊಟ್ಟಿದ್ದೀವಿ ಅಂತ ಇನ್ನೊಬ್ಬರಿಗೆ ಹೇಳಲ್ಲ ಬೋರಮ್ಮ. ನಿಮ್ಮದನ್ನೂ ಯಾರಿಗೂ ಹೇಳಲ್ಲ."

"ತಿಮ್ಮಂಗೆ ಯೋಳ್ಬ್ಯಾಡಿ. ಯಾರಿಗೂ ಯೋಳ್ಬ್ಯಾಡ ಕಣಮ್ಮ" ಅಂದಳು. ಬೀದಿಯ ನಡುವೆ ನಿಂತು ಊರನ್ನೇ ಕರೆದಿದ್ದ ದನಿ ಎಲ್ಲಿ ಹೋಯಿತೋ. ಹನುಮಕ್ಕನ ಬಾಯಲ್ಲಿ ಕೇಳಿದ ಅದೇ ಮಾತು. ದಾರಿಯುದ್ದಕ್ಕೂ ಸಾಕಿಕೊಂಡು ಬಂದಿದ್ದ ಸಿಟ್ಟು ನನ್ನಲ್ಲಿ ಆಗ ಉಳಿಯಲಿಲ್ಲ. ಅವಳ ಮೇಲೂ ಮರುಕವಾಯಿತು. ಮರುಕವಾದದ್ದಕ್ಕೆ ನನ್ನ ಮೇಲೇ ಸ್ವಲ್ಪ ಸಿಟ್ಟೂ ಬಂತು. ಗೂಡಿನ ಕಡೆ ನೋಡದೆ ಹೊರಟು ಬಂದೆ.

ಅವಳ ಕಫದಲ್ಲೂ ಕ್ರಿಮಿ ಇತ್ತು. ಕೊನೆಗೆ ನಮ್ಮ ವರದಿಯಲ್ಲಿ ತೋವಿನಕೆರೆ ಕಡೆಯ ಆ ಹಳ್ಳಿಯ ಸಾಲಿನಲ್ಲಿ ಬೋರಮ್ಮ ಎಣಿಕೆಗೆ ಬಂದಳು. ಗಿರಿಜ ಯಾವ ಸಾಲಿನಲ್ಲೂ ಇಲ್ಲ.

ಶ್ರಾವಣ ಹುಟ್ಟಿತು. ಮಳೆಯೂ ಬಂತು, ತಡವಾಗಿ ಬಂದು ನಾಚಿಕೊಂಡವರ ಹಾಗೆ ಜಿನುಗುತ್ತಾ. ಬೀಜವೆಲ್ಲ ಹೊಲ ಸೇರಿ ಜಗುಲಿಗಳು ಖಾಲಿಯಾದವು. ಒಬ್ಬೊಬ್ಬರೇ ಗಂಡನ ಮನೆಯವರು ಬಂದು ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋದರು. ಹನುಮಕ್ಕ ಬಸ್ಸಿನ ಸದ್ದು ಕೇಳಿದಾಗಲೆಲ್ಲ ಏನೋ ನೆಪ ಮಾಡಿಕೊಂಡು ಬಾಗಿಲಿಗೆ ಬರುತ್ತಿದ್ದಳು. ಸಗಣಿ ಎತ್ತಲು, ನೀರು ಚೆಲ್ಲಲು, ಕೋಳಿ ಅಟ್ಟಲು. ಗಿರಿಜ ಬರುತ್ತಿರಲಿಲ್ಲ. "ಬರಾಕಿಲ್ಲ ಬುಡವ್ವ" ಎಂದು ಒಳಗಿಂದಲೇ ಹೇಳುತ್ತಿದ್ದಳು. ಅವಳ ಕಫದ ಎರಡನೇ ಪರೀಕ್ಷೆಯಲ್ಲಿ ಕ್ರಿಮಿ ಕಂಡಿರಲಿಲ್ಲ. ಗಂಡನ ಮನೆಗೆ ಹೋದರೂ ಈಗ ಯಾರಿಗೂ ಅಪಾಯವಿಲ್ಲ, ಮಾತ್ರೆ ಮಾತ್ರ ಬಿಡಬಾರದು ಎಂದು ನಾನು ಹೇಳಿದೆ. ಒಳ್ಳೆಯ ಸುದ್ದಿಯೇ. ಆದರೆ ಕರೆಯಲು ಯಾರೂ ಬಾರದ ಮನೆಯಲ್ಲಿ ಅದನ್ನು ಹೇಳಿ, ಬೇಗ ಬೇಗ ಚೀಲ ಕಟ್ಟಿಕೊಂಡು ಎದ್ದೆ.

ಶ್ರಾವಣ ಮುಗಿಯುತ್ತಾ ಬಂದಿತ್ತು. ನಾನು ಮಾತ್ರೆ ಕೊಟ್ಟು ಜಗುಲಿಯ ಮೇಲೆ ಕೂತು ಹಿಂದೂಪುರದ ಕಡೆಯಿಂದ ವಾಪಸಾಗುವ ಬಸ್ಸಿಗೆ ಕಾಯುತ್ತಿದ್ದೆ. ಎದುರು ದಿಕ್ಕಿನ ಬಸ್ಸು ಬಂದು ನಿಂತು, ಒಬ್ಬಳೇ ಹೆಂಗಸು ಇಳಿದಳು. ಕಂಕುಳಲ್ಲಿ ಬಟ್ಟೆಯ ಚೀಲ, ಸೆರಗು ತಲೆಯ ಮೇಲೆ. ಹತ್ತಿರ ಬಂದ ಮೇಲೇ ಬೋರಮ್ಮ ಎಂದು ಗೊತ್ತಾದದ್ದು. ಸೊರಗಿದ್ದಳು. ನನ್ನನ್ನು ಕಂಡು ಕ್ಷಣ ನಿಂತಳು, ಗುರುತೇ ಇಲ್ಲದವಳ ಹಾಗೆ ದಾಟಿ ಬಾಗಿಲಿಗೆ ಹೋದಳು.

ಹನುಮಕ್ಕನ ಕೈಯಲ್ಲಿದ್ದ ಪೊರಕೆ ಕೆಳಗೆ ಬಿತ್ತು. ಸಂತೋಷವೋ ಭಯವೋ, ಮುಖ ನೋಡಿದರೆ ಹೇಳಲಾಗುತ್ತಿರಲಿಲ್ಲ. ಕರೆಯಲು ಬಂದವಳೋ, ಇನ್ನು ಬೇಡ ಎಂದು ಹೇಳಲು ಬಂದವಳೋ? "ಬನ್ನಿ" ಎಂದು ಚಾಪೆ ಹಾಸಿ, ಬೀಗಿತ್ತಿಗೆ ಕೊಡಬೇಕಾದ ಮರ್ಯಾದೆಗೆ ಹಿತ್ತಾಳೆ ಚೊಂಬಿನಲ್ಲಿ ನೀರು, ಬೆಲ್ಲ ತಂದಿಟ್ಟಳು.

ಬೋರಮ್ಮ ಚೊಂಬು ಮುಟ್ಟಲಿಲ್ಲ. ಚೀಲದೊಳಕ್ಕೆ ಕೈ ಹಾಕಿ ಒಂದು ಕಂಚಿನ ಲೋಟ ತೆಗೆದು ಮುಂದಿಟ್ಟಳು. ಬೆಳಗಿದ್ದಳು, ಥಳಥಳ ಎನ್ನುತ್ತಿತ್ತು.

"ಇದ್ರಾಗೆ ಉಯ್ಯವ್ವ ನೀರ."

ಹನುಮಕ್ಕನಿಗೆ ಅರ್ಥವಾಗಲಿಲ್ಲ. ಬಾಗಿಲ ಮರೆಯಲ್ಲಿದ್ದ ಗಿರಿಜನಿಗೆ ಆಯಿತು. ಅವಳು ಆ ಲೋಟವನ್ನೇ ನೋಡುತ್ತಾ ಹೊರಗೆ ಬಂದಳು.

"ಅದು ನಂದಲ್ವಾ ಅತ್ತೆ" ಅಂದಳು.

"ಅಲ್ಲ ಕಣವ್ವ" ಅಂದಳು ಬೋರಮ್ಮ. ತಲೆ ಎತ್ತಲಿಲ್ಲ. "ಮೊದ್ಲಿಂದ್ಲೂ ನಂದೇ ಅದು. ನಿಂಗೆ ಕೊಟ್ಟಿದ್ದು ನಾನೇ ತಪ್ಪು ಮಾಡ್ದೆ. ಮನೇಲಿ ತಿಮ್ಮಂಗೂ ಯೋಳಿವ್ನಿ. ಮಾತ್ರೆ ನಂಗೂ ಕೊಟ್ಟವ್ರೆ. ಬಾ, ಮನೆಗೋಗಾನ. ಒಬ್ಬೊಬ್ರೇ ನುಂಗಾಕೆ ಬ್ಯಾಸ್ರ ಕಣೇ."

ನಾನು ರಸ್ತೆಯ ಕಡೆ ಮುಖ ತಿರುಗಿಸಿಕೊಂಡೆ. ಕಣ್ಣಲ್ಲಿ ನೀರು ತುಂಬಿತ್ತು. ನೆಪಕ್ಕೆಂದರೆ ಆ ದಿನ ದೂಳೂ ಇರಲಿಲ್ಲ, ಮಳೆ ಬಂದು ಎಲ್ಲ ಅಡಗಿಹೋಗಿತ್ತು.

ಹಿಂದೆ ಗಿರಿಜನ ದನಿ ಕೇಳಿಸಿತು. "ಇವತ್ತಿಂದು ನುಂಗಿದ್ರಾ ಅತ್ತೆ?"

"ಬಸ್ಸು ಒಂಟೋಯ್ತದೆ ಅಂತ ಓಡ್ಬಂದೆ. ಮರ್ತೋಯ್ತು."

"ಮರೀಬಾರ್ದಂತೆ. ಬರಿಹೊಟ್ಟೆಯಾಗೂ ನುಂಗ್ಬಾರ್ದು, ವಾಂತಿ ಆಯ್ತದೆ. ತಾಳಿ."

ಗಿರಿಜ ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ತಂದು ಅತ್ತೆಯ ಮುಂದಿಟ್ಟಳು. ಅವಳು ಉಂಡು ಮುಗಿಸುವ ತನಕ ಪಕ್ಕದಲ್ಲೇ ಕೂತಿದ್ದಳು. ಆಮೇಲೆ ನಾನು ಆಗಷ್ಟೇ ಕೊಟ್ಟಿದ್ದ ತನ್ನ ಪೊಟ್ಟಣ ಬಿಚ್ಚಿ, ಅತ್ತೆಯ ಅಂಗೈಗೆ ಮಾತ್ರೆ ಹಾಕಿ, ಆ ಲೋಟಕ್ಕೆ ನೀರು ಬಗ್ಗಿಸಿದಳು.